ಯಾರು ಮೊದಲು ಮಾತಾಡಬೇಕು?

ಮನೆಯೊಳಗಿನ ಜಗಳ ಹೊರಗಿನವರ ಜೊತೆಗಿನ ಜಗಳಕ್ಕಿಂತ ಜಾಸ್ತಿ ಕಾಲ ಬಾಳುತ್ತದೆ. ಹೊರಗಿನವರ ಜೊತೆ ಹೊಂದಲಿಲ್ಲ ಅಂದರೆ ದೂರ ಹೋಗಬಹುದು, ಅಲ್ಲಿಗೆ ಮುಗಿಯಿತು. ಒಡಹುಟ್ಟಿದವರಿಂದ ಹಾಗೆ ದೂರ ಹೋಗಲು ಆಗುವುದಿಲ್ಲ. ಒಂದೇ ಅಪ್ಪ ಅಮ್ಮ, ಒಂದೇ ಮೂಗು, ಕೆಮ್ಮಿದರೂ ಒಂದೇ ಥರದ ಕೆಮ್ಮು. ಮಾತು ಬಿಟ್ಟರೂ ಸುದ್ದಿ ಬರುತ್ತಲೇ ಇರುತ್ತದೆ. ಅವರ ಮಗಳಿಗೆ ಕೆಲಸ ಸಿಕ್ಕಿತಂತೆ, ಅವರಿಗೆ ಬಿಪಿ ಜಾಸ್ತಿ ಆಗಿದೆಯಂತೆ. ಕೇಳಿಸಿಕೊಂಡೂ ಕೇಳಿಸದವರ ಹಾಗೆ ಇರಬೇಕು. ಅದು ತುಂಬಾ ಕಷ್ಟದ ಬದುಕು.

ನಮ್ಮ ಮನೆಯಲ್ಲಿ ಅಂಥ ಒಂದು ಜಗಳ ಮುಗಿದಿದೆ. ಅಪ್ಪ ಮತ್ತು ದೊಡ್ಡಪ್ಪನ ನಡುವಿನದು. ನಾನು ಚಿಕ್ಕವಳಿದ್ದಾಗ ಶುರುವಾಗಿದ್ದು, ನನ್ನ ಮಗ ಶಾಲೆಗೆ ಹೋಗುವ ಹೊತ್ತಿಗೆ ಮುಗಿಯಿತು. ಹೇಗೆ ಮುಗಿಯಿತು ಅಂತ ಕೇಳಿದವರಿಗೆಲ್ಲ "ದೇವರು ದೊಡ್ಡವನು" ಅಂತ ಹೇಳಿ ಸುಮ್ಮನಾಗುತ್ತಿದ್ದೆವು. ಅದು ಸುಳ್ಳಲ್ಲ. ಆದರೆ ಅಷ್ಟೇ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ದೇವರ ಮೇಲಿನ ನಂಬಿಕೆ ಆ ಇಬ್ಬರು ಹಟಮಾರಿಗಳ ನಡುವೆ ನಿಜವಾಗಿ ಏನು ಕೆಲಸ ಮಾಡಿತು ಅನ್ನೋದನ್ನು ಬಿಡಿಸಿ ಹೇಳಬೇಕು ಅನಿಸಿದೆ. ನಮ್ಮ ಮನೆಯವರದು ಯಾವ ಧರ್ಮ ಅಂತ ಬೇಕಂತಲೇ ಬರೆಯುತ್ತಿಲ್ಲ. ಓದುತ್ತಾ ಹೋದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಎಲ್ಲರೂ ಅದನ್ನು ಆಸ್ತಿ ಜಗಳ ಅನ್ನುತ್ತಿದ್ದರು. ಆಸ್ತಿಯಿಂದ ಶುರುವಾಗಿದ್ದು ನಿಜ. ತಾತ ಹಾಸಿಗೆ ಹಿಡಿದಿದ್ದಾಗ ದೊಡ್ಡಪ್ಪ ಒಂದು ಕಾಗದಕ್ಕೆ ಅವರ ಸಹಿ ಹಾಕಿಸಿಕೊಂಡಿದ್ದರು. ಅದು ಗೊತ್ತಾಗಿದ್ದು ತಾತ ತೀರಿಕೊಂಡ ಮೇಲೆ. ಅಪ್ಪ ಎಲ್ಲರೆದುರು, "ಅಪ್ಪ ಸಾಯೋದನ್ನೇ ಕಾಯ್ತಾ ಕೂತಿದ್ದೆ ನೀನು" ಅಂದರು. ದೊಡ್ಡಪ್ಪ, "ಅಪ್ಪನ ಮಲಮೂತ್ರ ಬಳಿದಿದ್ದು ನಾನು, ಆವಾಗ ನೀನು ಎಲ್ಲಿದ್ದೆ?" ಅಂದರು. ಆಮೇಲೆ ದಾವೆ, ವಕೀಲರು, ವಾಯಿದೆ ಮೇಲೆ ವಾಯಿದೆ. ಆದರೆ ವರ್ಷಗಟ್ಟಲೆ ಇಬ್ಬರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಆ ಎರಡು ಮಾತುಗಳನ್ನು. ಆಸ್ತಿಯ ವಿಷಯ ಬಂದರೆ ಅಪ್ಪ ಸಮಾಧಾನವಾಗಿಯೇ ಮಾತಾಡುತ್ತಿದ್ದರು. "ಆವಾಗ ನೀನು ಎಲ್ಲಿದ್ದೆ" ಅನ್ನೋ ಮಾತು ನೆನಪಾದರೆ ಮುಖ ಬೇರೆಯಾಗುತ್ತಿತ್ತು. ಯಾಕೆಂದರೆ ಅದರಲ್ಲಿ ಸ್ವಲ್ಪ ನಿಜ ಇತ್ತು. ದೊಡ್ಡಪ್ಪನಿಗೂ ಅಷ್ಟೆ. ಕಾಯ್ತಾ ಕೂತಿದ್ದೆ ಅನ್ನೋದರಲ್ಲಿ ಸ್ವಲ್ಪ ನಿಜ ಇದ್ದಿದ್ದಕ್ಕೇ ಅವರಿಗೆ ಅಷ್ಟು ನೋವು.

ಇದು ನಮ್ಮ ಮನೆಯೊಂದರದೇ ಕಥೆ ಅಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಅನ್ನುವ ಸಮಾಜಶಾಸ್ತ್ರಜ್ಞರು ಇಂಥ ಮನೆಗಳ ಬಗ್ಗೆಯೇ ಕೆಲಸ ಮಾಡಿದ್ದಾರೆ. 2020ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ ಶೇ. 27ರಷ್ಟು ಅಮೆರಿಕನ್ನರು ತಮ್ಮ ಮನೆಯವರಲ್ಲೇ ಯಾರದಾದರೂ ಸಂಪರ್ಕ ಪೂರ್ತಿ ಬಿಟ್ಟಿರುವುದಾಗಿ ಹೇಳಿದ್ದರು. ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ! ಮತ್ತೆ ಒಂದಾದವರನ್ನೂ ಅವರು ಮಾತಾಡಿಸಿದ್ದಾರೆ. ಅವರಲ್ಲಿ ಪದೇ ಪದೇ ಕಂಡಿದ್ದು ಒಂದು ವಿಷಯ. ಹಳೆಯದು ಹೀಗೇ ನಡೆಯಿತು ಅಂತ ಎದುರಿನವರ ಬಾಯಲ್ಲಿ ಒಪ್ಪಿಸಬೇಕು ಅನ್ನೋ ಹಟ ಬಿಟ್ಟಿದ್ದರು. ಒಂದೇ ಘಟನೆಗೆ ಎರಡು ಕಥೆ ಇದೆ, ಇರಲಿ, ಅಂತ ಮುಂದೆ ಹೋಗಿದ್ದರು.

ಹೇಳೋದು ಸುಲಭ. ಆ ಹಟ ಬಿಡುವುದು ಹೇಗೆ? ನಮ್ಮ ಮನೆಯಲ್ಲಿ ಅದನ್ನು ಬಿಡಿಸಿದ್ದು ಬುದ್ಧಿವಾದ ಅಲ್ಲ. ಬುದ್ಧಿ ಹೇಳುವವರು ಬೇಕಾದಷ್ಟು ಜನ ಬಂದು ಹೋದರು. ಹಿರಿಯರು, ಸ್ನೇಹಿತರು, ಎರಡೂ ಕಡೆಯ ವಕೀಲರು ಕೂಡ. ಒಬ್ಬೊಬ್ಬರು ಬಂದು ಹೋದಾಗಲೂ ಜಗಳ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಯಾಕೆಂದರೆ ಬಂದವರ ಮುಂದೆ ಇಬ್ಬರೂ ಹಳೆಯ ಕಥೆಯನ್ನು ಮೊದಲಿಂದ ಹೇಳಬೇಕಾಗುತ್ತಿತ್ತು. ಹೇಳಿದಷ್ಟೂ ಸಿಟ್ಟು ಹೊಸದಾಗುತ್ತಿತ್ತು.

ಒಂದೇ ಒಂದು ಬುದ್ಧಿಮಾತು ಹೇಳದೆ ಇದ್ದವರು ಅಜ್ಜಿ. ಕೆಲವು ತಿಂಗಳು ನಮ್ಮ ಮನೆಯಲ್ಲಿ, ಕೆಲವು ತಿಂಗಳು ದೊಡ್ಡಪ್ಪನ ಮನೆಯಲ್ಲಿ ಇರುತ್ತಿದ್ದರು. ರಾತ್ರಿ ಮಲಗುವ ಮುಂಚೆ ಗೋಡೆಗೆ ಒರಗಿ ಕೂತು ಪ್ರಾರ್ಥನೆ ಮಾಡುವುದು ಅವರ ಅಭ್ಯಾಸ. ಬಾಯಿಬಿಟ್ಟೇ ಹೇಳುತ್ತಿದ್ದರು. ಮಕ್ಕಳ ಹೆಸರನ್ನು ಹುಟ್ಟಿದ ಕ್ರಮದಲ್ಲಿ ಹೇಳಿ, ಇವನನ್ನು ಕಾಪಾಡು, ಇವನನ್ನು ಕಾಪಾಡು, ಇವಳನ್ನು ಕಾಪಾಡು ಅಂತ. ಹಿರಿಯವರಾದ್ದರಿಂದ ದೊಡ್ಡಪ್ಪನ ಹೆಸರೇ ಮೊದಲು ಬರುತ್ತಿತ್ತು. ಆ ಹೆಸರು ಕಿವಿಗೆ ಬಿದ್ದ ಕೂಡಲೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಅಜ್ಜಿ ದನಿ ತಗ್ಗಿಸುತ್ತಲೂ ಇರಲಿಲ್ಲ, ಏರಿಸುತ್ತಲೂ ಇರಲಿಲ್ಲ. ಅಲ್ಲಿಯೂ ಹೀಗೆಯೇ ಅಂತ ದೊಡ್ಡಪ್ಪನ ಮಗ ಆಮೇಲೆ ಹೇಳಿದ. ಅಪ್ಪನ ಹೆಸರು ಬಂದಾಗ ದೊಡ್ಡಪ್ಪ ಎದ್ದು ಹೋಗುತ್ತಿರಲಿಲ್ಲವಂತೆ, ಕಣ್ಣು ಮುಚ್ಚಿಕೊಂಡು ಕೂತೇ ಇರುತ್ತಿದ್ದರಂತೆ. ಆ ಎರಡು ಹೆಸರುಗಳನ್ನು ಎರಡೂ ಮನೆಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದವರು ಅಜ್ಜಿ ಒಬ್ಬರೇ. ನಾವೆಲ್ಲ "ಅವರು", "ಆ ಮನೆಯವರು" ಅಂತ ಹೇಳಿಯೇ ಕಾಲ ಕಳೆದಿದ್ದೆವು.

ದೊಡ್ಡಪ್ಪ ಭಕ್ತಿ ಇರುವ ಮನುಷ್ಯ. ತೋರಿಕೆಯ ಭಕ್ತಿ ಅಲ್ಲ. ಬೆಳಿಗ್ಗೆ ಬೇಗ ಎದ್ದು, ಯಾರೂ ಏಳುವ ಮುಂಚೆ, ಒಬ್ಬರೇ ಕೂತು ಪ್ರಾರ್ಥನೆ ಮಾಡುವವರು. ಅವರು ನನಗೆ ಹೇಳಿದ ಮಾತು ಇದು, ನನಗೆ ನೆನಪಿರುವ ಹಾಗೆಯೇ ಬರೆಯುತ್ತೇನೆ: "ಬಾಯಿ ಸ್ತುತಿ ಹೇಳ್ತಿತ್ತಮ್ಮ. ಒಳಗೆ ಮಾತ್ರ ನಿಮ್ಮಪ್ಪನ ಮೇಲಿನ ದೂರಿನ ಪಟ್ಟಿ ಓಡ್ತಿತ್ತು. ದೇವರ ಮುಂದೆ ಕೂತಿದ್ದೀನೋ ವಕೀಲರ ಮುಂದೆ ಕೂತಿದ್ದೀನೋ ಅನ್ನೋ ಹಾಗೆ ಆಗೋಯ್ತು. ನನ್ನ ತಪ್ಪೆಲ್ಲ ಮನ್ನಿಸು ಅಂತ ಕೇಳ್ತೀನಿ, ಆ ಸಹಿಯ ವಿಷಯಕ್ಕೆ ಬಂದಾಗ ಮಾತ್ರ ನನ್ನ ಪರ ವಾದ ಶುರು ಮಾಡ್ತೀನಿ. ಎಷ್ಟು ದಿನ ಅಂತ ಮಾಡೋದು?"

ಅವರು ಬಂದ ದಿನ ಅಪ್ಪ ಮನೆಯಲ್ಲೇ ಇದ್ದರು. ಬಾಗಿಲು ತೆರೆದಿದ್ದು ನಾನು. ದೊಡ್ಡಪ್ಪ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತರು. ಅಪ್ಪ ಎದ್ದು ಬಂದರು. ದೊಡ್ಡಪ್ಪ ಹೇಳಿದ್ದು ಇಷ್ಟೆ: "ಯಾರು ಸರಿ ಯಾರು ತಪ್ಪು ಅಂತ ಮಾತಾಡೋಕೆ ಬಂದಿಲ್ಲ ಕಣೋ. ಅಪ್ಪನ ಕೈಲಿ ನಿಮಗ್ಯಾರಿಗೂ ಹೇಳದೆ ಸಹಿ ಹಾಕಿಸಿದ್ದು ತಪ್ಪು. ಅದು ನನ್ನ ತಪ್ಪು. ನಿನಗೆ ಹೇಳದೆ ದೇವರಿಗೆ ಹೇಳಿ ಪ್ರಯೋಜನ ಇಲ್ಲ, ಅದಕ್ಕೆ ಬಂದೆ." ಅಪ್ಪ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಕುರ್ಚಿ ತಂದು ಹಾಕಿದರು. "ಕ್ಷಮಿಸಿದೆ ಅಂತ ಹೇಳೋಕೆ ಆಗಲ್ಲ ನನಗೆ. ಕೂತ್ಕೋ ಅಣ್ಣ" ಅಂದರು.

ನನಗೆ ಅರ್ಥವಾಗಿದ್ದು ಹೀಗೆ. ಅಷ್ಟು ವರ್ಷ ಜಗಳ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ: ಯಾರು ಮೊದಲು ಮಾತಾಡಬೇಕು? ಮೊದಲು ಮಾತಾಡಿದವನು ಸೋತ ಹಾಗೆ. ತಮ್ಮನ ಮುಂದೆ ಸೋಲಲು ಅಣ್ಣನಿಗೆ ಆಗುವುದಿಲ್ಲ, ಅಣ್ಣನ ಮುಂದೆ ಸೋಲಲು ತಮ್ಮನಿಗೆ ಆಗುವುದಿಲ್ಲ. ದೇವರ ಮುಂದೆ ಸೋಲಲು ಯಾರಿಗೂ ನಾಚಿಕೆ ಇಲ್ಲ. ದೊಡ್ಡಪ್ಪ ಆ ದಿನ ತಮ್ಮನಿಗೆ ತಲೆ ಬಾಗಿಸಲು ಬಂದಿರಲಿಲ್ಲ. ದೇವರಿಗೆ ತಲೆ ಬಾಗಿಸಿದ್ದರು, ಆ ದಾರಿ ನಮ್ಮ ಮನೆ ಬಾಗಿಲಿಗೆ ಬಂತು. ನಂಬಿಕೆ ಇಲ್ಲದವರು ಕ್ಷಮಿಸಲಾರರು ಅಂತ ನಾನು ಹೇಳುತ್ತಿಲ್ಲ. ಅಪ್ಪನಿಗೇ ಅಂಥ ಭಕ್ತಿ ಇಲ್ಲ. ಆದರೆ ಮೊದಲ ಹೆಜ್ಜೆ ಇಡುವವನಿಗೆ ತನ್ನ ಮಾನ ಉಳಿಸಿಕೊಂಡೇ ಬಗ್ಗಲು ಒಂದು ದಾರಿ ಬೇಕು. ನಂಬಿಕೆ ಆ ದಾರಿ ಕೊಡುತ್ತದೆ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಧರ್ಮಗ್ರಂಥಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಎಲ್ಲ ಕಡೆಯೂ ಇದೇ ಪ್ರಶ್ನೆಗೆ ಉತ್ತರ ಇದೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ: ಕಾಣಿಕೆ ಕೊಡಲು ಬಲಿಪೀಠದ ಹತ್ತಿರ ಬಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ರಾಜಿಯಾಗು, ಆಮೇಲೆ ಬಂದು ಕಾಣಿಕೆ ಕೊಡು. ಗಮನಿಸಿ, ಅವನ ಮೇಲೆ ನಿನಗೆ ಸಿಟ್ಟಿದ್ದರೆ ಅಂತ ಅಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ. ಯಹೂದಿಗಳ ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನದ ನಿಯಮ ಇನ್ನೂ ನೇರ. ದೇವರಿಗೂ ನಿನಗೂ ನಡುವಿನ ತಪ್ಪನ್ನು ಆ ದಿನ ತೊಳೆಯುತ್ತದೆ, ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪನ್ನು ಅವನನ್ನು ಸಮಾಧಾನ ಮಾಡುವ ತನಕ ತೊಳೆಯುವುದಿಲ್ಲ. ಇಸ್ಲಾಮಿನಲ್ಲಿ, ಸಹೋದರನ ಜೊತೆ 3 ದಿನಕ್ಕಿಂತ ಜಾಸ್ತಿ ಮಾತು ಬಿಡಬಾರದು ಅನ್ನೋ ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತು, ಇದೆ. ಇಬ್ಬರೂ ಎದುರಾದಾಗ ಇವನೂ ಮುಖ ತಿರುಗಿಸುತ್ತಾನೆ, ಅವನೂ ಮುಖ ತಿರುಗಿಸುತ್ತಾನೆ, ಅವರಲ್ಲಿ ಮೊದಲು ಸಲಾಂ ಹೇಳುವವನೇ ಮೇಲು, ಅಂತ ಅದರ ಮುಂದಿನ ಮಾತು. ಆ ಮುಖ ತಿರುಗಿಸುವುದನ್ನು ನಾನು ಎಷ್ಟು ಮದುವೆಗಳಲ್ಲಿ ಕಣ್ಣಾರೆ ನೋಡಿದ್ದೇನೆ! ಜೈನರಂತೂ ಪರ್ಯುಷಣ ಹಬ್ಬದ ಕೊನೆಯಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದಕ್ಕೇ ಒಂದು ದಿನ ಇಟ್ಟಿದ್ದಾರೆ. ಯಾರು ಮೊದಲು ಅನ್ನೋ ಪ್ರಶ್ನೆಯೇ ಅಲ್ಲಿ ಇಲ್ಲ, ಎಲ್ಲರೂ ಕೇಳಬೇಕು.

ನನಗೆ ತುಂಬಾ ಹತ್ತಿರವಾದದ್ದು ಪ್ರವಾದಿ ಮುಹಮ್ಮದರ ಆಪ್ತ ಸಂಗಾತಿ ಅಬೂಬಕರ್ ಅವರ ಪ್ರಸಂಗ. ಅವರ ಮಗಳು ಆಯಿಷಾ ಮೇಲೆ ಸುಳ್ಳು ಅಪವಾದ ಹಬ್ಬಿದಾಗ ಅದನ್ನು ಹಬ್ಬಿಸಿದವರಲ್ಲಿ ಅವರದೇ ಬಂಧು ಮಿಸ್ತಹ್ ಕೂಡ ಇದ್ದ. ಬಡವ. ಅಬೂಬಕರ್ ಅವರೇ ಅವನ ಖರ್ಚು ನೋಡಿಕೊಳ್ಳುತ್ತಿದ್ದರು. ತನ್ನ ಅನ್ನ ತಿಂದವನೇ ತನ್ನ ಮಗಳ ಮೇಲೆ ಹೀಗೆ ಮಾತಾಡಿದ ಅಂದರೆ ಯಾವ ಅಪ್ಪ ತಡೆದುಕೊಳ್ಳುತ್ತಾನೆ? ಇನ್ನು ಇವನಿಗೆ ಒಂದು ಕಾಸೂ ಕೊಡುವುದಿಲ್ಲ ಅಂತ ಆಣೆ ಮಾಡಿದರು. ಆಗ ಬಂದ ಮಾತು ಕುರಾನಿನ 24ನೇ ಅಧ್ಯಾಯದಲ್ಲಿದೆ. ಬಂಧುಗಳಿಗೆ ಕೊಡುವುದಿಲ್ಲ ಅಂತ ಆಣೆ ಮಾಡಬೇಡಿ, ಕ್ಷಮಿಸಿಬಿಡಿ, ಅಲ್ಲಾಹನು ನಿಮ್ಮನ್ನು ಕ್ಷಮಿಸಬೇಕು ಅಂತ ನಿಮಗೆ ಆಸೆ ಇಲ್ಲವೇ, ಅಂತ. ಅಬೂಬಕರ್ "ಇದೆ" ಅಂದರು, ಕೊಡುವುದನ್ನು ಮತ್ತೆ ಶುರು ಮಾಡಿದರು. ಮಿಸ್ತಹ್ ಮಾಡಿದ್ದು ಸರಿ ಅಂತ ಆ ಮಾತಿನಲ್ಲಿ ಎಲ್ಲೂ ಇಲ್ಲ. ಅಬೂಬಕರ್ ಅವರ ನೋವು ಸುಳ್ಳು ಅಂತಲೂ ಇಲ್ಲ. ನಿನಗೂ ಒಂದು ಲೆಕ್ಕ ಇದೆ ಅಲ್ವಾ ಅಂತ ಕೇಳಿದೆ, ಅಷ್ಟೆ. ದೊಡ್ಡಪ್ಪ ಬೆಳಗಿನ ಹೊತ್ತು ಒಬ್ಬರೇ ಕೂತು ತಮಗೆ ತಾವೇ ಕೇಳಿಕೊಂಡಿದ್ದೂ ಅದನ್ನೇ.

ಇಡೀ ಸಮಾಜವೇ ಹೀಗೆ ಜಗಳ ಮುಗಿಸಿದ ಒಂದು ಉದಾಹರಣೆ ಇದೆ. ಯುರೋಪಿನ ಕೊಸೊವೊದ ಅಲ್ಬೇನಿಯನ್ನರಲ್ಲಿ ಮನೆತನಗಳ ನಡುವೆ ರಕ್ತದ ಸೇಡು ತಲೆಮಾರುಗಳಿಂದ ನಡೆದುಕೊಂಡು ಬಂದಿತ್ತು. ಆ ಮನೆಯವರು ಈ ಮನೆಯ ಒಬ್ಬನನ್ನು ಕೊಂದರೆ ಇವರು ಅವರ ಮನೆಯ ಗಂಡಸೊಬ್ಬನನ್ನು ಕೊಲ್ಲಬೇಕು. ಕೊಲ್ಲದಿದ್ದರೆ ಮಾನ ಇಲ್ಲ. ಸೇಡಿಗೆ ಹೆದರಿ ಗಂಡಸರು ಮನೆಯಿಂದ ಹೊರಗೇ ಬರದೆ ಬದುಕುತ್ತಿದ್ದರು. 1990ರಲ್ಲಿ ಕೆಲವು ವಿದ್ಯಾರ್ಥಿಗಳು ಇದನ್ನು ನಿಲ್ಲಿಸಬೇಕು ಅಂತ ಹೊರಟರು. ಜಾನಪದ ವಿದ್ವಾಂಸ ಆಂಟನ್ ಚೆಟ್ಟಾ ಅವರ ಜೊತೆ ನಿಂತರು. ಅವರಿಗೆ ಆಗ 70 ವರ್ಷ. ಜನಪದ ಕಥೆಗಳನ್ನು ಸಂಗ್ರಹಿಸುತ್ತಾ ಊರೂರು ಸುತ್ತಿದ್ದ ಮನುಷ್ಯ. ಮನೆ ಮನೆಗೆ ಹೋಗಿ, ಮಗನನ್ನು ಕಳೆದುಕೊಂಡವರ ಎದುರು ಕೂತು, ಕ್ಷಮಿಸಿ ಅಂತ ಕೇಳಿದರು. ಆ ವರ್ಷ ಮೇ 1ರಂದು ವೆರಾತ್ ಎ ಲ್ಲುಕಸ್ ಅನ್ನುವ ಕಡೆ ಲಕ್ಷಕ್ಕೂ ಹೆಚ್ಚು ಜನ ಸೇರಿದರು ಅನ್ನುತ್ತಾರೆ. ಅಲ್ಲಿ ಒಂದೊಂದೇ ಮನೆಯವರು ಎಲ್ಲರೆದುರು ನಿಂತು ಕ್ಷಮಿಸಿದರು. ಒಟ್ಟು ಸಾವಿರದಷ್ಟು ಸೇಡುಗಳು ಎರಡು ಮೂರು ವರ್ಷದೊಳಗೆ ಮುಗಿದವು.

ಅವರು ಕ್ಷಮಿಸುವಾಗ ಹೇಳುತ್ತಿದ್ದ ಮಾತನ್ನು ನೋಡಿ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ಎದುರಾಳಿಗೆ ಹೇಳುತ್ತಿರಲಿಲ್ಲ. ಜನರ ಹೆಸರಲ್ಲಿ, ಯುವಕರ ಹೆಸರಲ್ಲಿ, ಬಾವುಟದ ಹೆಸರಲ್ಲಿ ಈ ರಕ್ತವನ್ನು ಕ್ಷಮಿಸುತ್ತೇನೆ ಅನ್ನುತ್ತಿದ್ದರು. ಅಲ್ಲಿ ಮುಸ್ಲಿಮರೂ ಇದ್ದರು, ಕ್ಯಾಥೊಲಿಕರೂ ಇದ್ದರು, ಪಾದ್ರಿಗಳೂ ಆ ಕೆಲಸಕ್ಕೆ ಕೈ ಜೋಡಿಸಿದ್ದರು. ಕೊಲೆಗಾರನ ಮನೆಯವರ ಕೈಗೆ ಕ್ಷಮೆ ಕೊಡಲು ಒಬ್ಬ ತಂದೆಗೆ ಆಗದೆ ಇರಬಹುದು. ತನಗಿಂತ ದೊಡ್ಡದಾದ ಒಂದರ ಕೈಗೆ ಕೊಡಲು ಆಗುತ್ತದೆ. ಅದನ್ನು ಓದಿದಾಗ ನನಗೆ ಹೊಸ್ತಿಲ ಹೊರಗೆ ನಿಂತ ದೊಡ್ಡಪ್ಪನೇ ಕಣ್ಣ ಮುಂದೆ ಬಂದರು.

ಈಗ ನನಗೆ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ದೇವರ ಹೆಸರು ಹೇಳಿ ನೊಂದವರ ಬಾಯಿ ಮುಚ್ಚಿಸುವುದು. "ದೊಡ್ಡ ಮನಸ್ಸು ಮಾಡು", "ಹೋಗ್ಲಿ ಬಿಡು, ದೇವರಿದ್ದಾನೆ", "ನೀನೇ ಸ್ವಲ್ಪ ಹೊಂದಿಕೊಂಡು ಹೋಗು". ಈ ಮಾತು ಯಾವಾಗಲೂ ದುರ್ಬಲರಿಗೇ, ಅದರಲ್ಲೂ ಹೆಂಗಸರಿಗೇ ಜಾಸ್ತಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಆಯಿತು. ಆ ಕಾಗದದಲ್ಲಿ ಅವರ ಪಾಲೂ ಹೋಗಿತ್ತು. ಅಣ್ಣಂದಿರಿಬ್ಬರ ಜಗಳದ ಗದ್ದಲದಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಅಣ್ಣಂದಿರು ಒಂದಾದ ಮೇಲೆ ಬಂಧುಗಳೆಲ್ಲ ಅತ್ತೆಗೆ ಹೇಳಿದ್ದು ಏನು ಗೊತ್ತಾ? ಎಲ್ಲ ಸರಿಹೋಗಿದೆ, ಈಗ ನೀನು ಹೊಸದಾಗಿ ಏನೂ ಎತ್ತಬೇಡ.

ಅತ್ತೆ ಎತ್ತಿದರು. "ನನಗೂ ದೇವರು ಗೊತ್ತು. ಕ್ಷಮಿಸೋದು ಬೇರೆ, ನನ್ನ ಪಾಲು ಬೇರೆ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ" ಅಂದರು. ಆ ಮಾತು ನನಗೆ ಇವತ್ತಿಗೂ ತುಂಬಾ ಇಷ್ಟ. ಕ್ಷಮೆಯ ಬಗ್ಗೆ ದಶಕಗಳಿಂದ ಸಂಶೋಧನೆ ಮಾಡಿರುವ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್ ಅವರೂ ಇದನ್ನೇ ಒತ್ತಿ ಹೇಳುತ್ತಾರೆ. ಕ್ಷಮಿಸುವುದು ಅಂದರೆ ಮರೆಯುವುದಲ್ಲ, ತಪ್ಪನ್ನು ಸರಿ ಅನ್ನುವುದಲ್ಲ, ನ್ಯಾಯ ಬಿಟ್ಟುಕೊಡುವುದಲ್ಲ, ಮತ್ತೆ ಜೊತೆಗಿರಲೇಬೇಕು ಅಂತಲೂ ಅಲ್ಲ. ಹೊಡೆಯುವವನ ಜೊತೆ, ಮಕ್ಕಳಿಗೆ ತೊಂದರೆ ಕೊಡುವವನ ಜೊತೆ ಒಂದಾಗಿ ಬಾಳು ಅಂತ ಯಾವ ದೇವರೂ ಹೇಳಿಲ್ಲ. ಹಾಗೆ ಹೇಳುವವರು ತಮ್ಮ ಅನುಕೂಲ ನೋಡಿಕೊಳ್ಳುತ್ತಿದ್ದಾರೆ.

ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಯುಧಿಷ್ಠಿರನನ್ನು ಇದೇ ವಿಷಯಕ್ಕೆ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ಮಾತನ್ನು ನೆನಪಿಸುತ್ತಾಳೆ: ಯಾವಾಗಲೂ ಸಿಟ್ಟೇ ಒಳ್ಳೆಯದಲ್ಲ, ಯಾವಾಗಲೂ ಕ್ಷಮೆಯೇ ಒಳ್ಳೆಯದಲ್ಲ. ಯಾವಾಗಲೂ ಕ್ಷಮಿಸುತ್ತಾ ಕೂತವನನ್ನು ಮನೆಯ ಆಳುಗಳೂ ಲೆಕ್ಕಕ್ಕಿಡುವುದಿಲ್ಲ, ಅವನ ವಸ್ತುಗಳನ್ನು ಕೇಳದೆ ತೆಗೆದುಕೊಂಡು ಹೋಗುತ್ತಾರೆ. ಹಿಂದೆ ಉಪಕಾರ ಮಾಡಿದವನನ್ನು ಕ್ಷಮಿಸು, ತಿಳಿಯದೆ ತಪ್ಪಿದವನನ್ನು ಕ್ಷಮಿಸು, ಮೊದಲ ತಪ್ಪನ್ನು ಕ್ಷಮಿಸು, ಅಂತ ಪ್ರಹ್ಲಾದ ಲೆಕ್ಕ ಕೊಡುತ್ತಾನೆ. ಯುಧಿಷ್ಠಿರ ಕ್ಷಮೆಯೇ ದೊಡ್ಡದು ಅಂತ ಉತ್ತರ ಕೊಡುತ್ತಾನೆ. ನಾನು ದ್ರೌಪದಿಯ ಕಡೆ. ದೊಡ್ಡಪ್ಪ ಅತ್ತೆಯ ಪಾಲನ್ನು ಬರೆದುಕೊಟ್ಟರು, ಕಾಗದ ರಿಜಿಸ್ಟರ್ ಆಯಿತು, ಅದಾದ ಮೇಲೆಯೇ ಅತ್ತೆ ಅವರ ಮನೆಗೆ ಹೋದರು. ಕಾಗದ ಆಗದೆ ಇದ್ದಿದ್ದರೆ ಆ ಒಂದಾಗುವಿಕೆ ಅರ್ಧವೇ ಆಗುತ್ತಿತ್ತು.

ಅಪ್ಪನ ವಿಷಯ ಬೇರೆ. ಕುರ್ಚಿ ತಂದು ಹಾಕಿದ ದಿನವೇ ಅಪ್ಪನ ಮನಸ್ಸು ತಿಳಿಯಾಯಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ನಿಜ ಆಗಿರುವುದಿಲ್ಲ. ಕೋರ್ಟಿನಲ್ಲಿ ರಾಜಿ ಅರ್ಜಿಗೆ ಸಹಿ ಹಾಕಿದರು. ಅಣ್ಣನ ಮನೆಗೆ ಹೋದರು, ಬಂದರು. ಆದರೂ ಒಮ್ಮೊಮ್ಮೆ ರಾತ್ರಿ "ಅವನು ಹಾಗೆ ಮಾಡಬಾರದಿತ್ತು" ಅಂತ ಹಳೆಯದು ಶುರುವಾಗುತ್ತಿತ್ತು. ಅಮ್ಮ "ಕ್ಷಮಿಸಿದ್ದೀರಲ್ಲ, ಮತ್ತೆ ಯಾಕೆ?" ಅಂದರೆ ಇನ್ನೂ ಸಿಟ್ಟು. ಎವರೆಟ್ ವರ್ಥಿಂಗ್ಟನ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಬರವಣಿಗೆ ಓದಿದಾಗ ಅಪ್ಪ ನನಗೆ ಅರ್ಥವಾದರು. ಅವರ ಪ್ರಕಾರ ಕ್ಷಮೆ ಎರಡು ಥರ. ಇನ್ನು ಸೇಡು ತೀರಿಸಿಕೊಳ್ಳುವುದಿಲ್ಲ, ಮನುಷ್ಯನ ಹಾಗೆ ನೋಡುತ್ತೇನೆ ಅಂತ ಮಾಡುವ ತೀರ್ಮಾನ ಒಂದು. ಒಳಗಿನ ಕಹಿ ಕಡಿಮೆಯಾಗುವುದು ಇನ್ನೊಂದು. ಮೊದಲನೆಯದು ಒಂದು ಗಳಿಗೆಯಲ್ಲಿ ಆಗಬಹುದು, ಎರಡನೆಯದಕ್ಕೆ ವರ್ಷಗಳೇ ಬೇಕಾಗಬಹುದು. ಇದು ಪುಸ್ತಕದ ಮಾತಷ್ಟೇ ಅಲ್ಲ. 1996ರ ಹೊಸ ವರ್ಷದ ಹೊತ್ತಿಗೆ ಮನೆಗೆ ನುಗ್ಗಿದವನೊಬ್ಬ ವರ್ಥಿಂಗ್ಟನ್ ಅವರ ತಾಯಿಯನ್ನೇ ಕೊಂದ. ಕ್ಷಮೆಯ ಬಗ್ಗೆ ಕಲಿಸುತ್ತಿದ್ದ ಆ ಮನುಷ್ಯನೂ ಸಿಟ್ಟಿನಲ್ಲಿ ಕುದಿದು, ಆಮೇಲೆ ಕಷ್ಟಪಟ್ಟು ಕ್ಷಮಿಸಿದರು. ಅವರು ನಂಬಿಕೆ ಇರುವ ಕ್ರೈಸ್ತರು.

ಒಂದೇ ಮನೆಯಲ್ಲಿ ಒಬ್ಬರು ಕ್ಷಮಿಸಿ ಇನ್ನೊಬ್ಬರು ಕ್ಷಮಿಸದೆ ಇರುವುದನ್ನು ಮಹಾಭಾರತಕ್ಕಿಂತ ನಿಜವಾಗಿ ಯಾರೂ ಹೇಳಿಲ್ಲ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ 15 ವರ್ಷ ಪಾಂಡವರ ಆಸರೆಯಲ್ಲೇ ಇರುತ್ತಾನೆ. ಯುಧಿಷ್ಠಿರ ಅವನನ್ನು ತಂದೆಯ ಹಾಗೆ ನೋಡಿಕೊಳ್ಳುತ್ತಾನೆ. ಭೀಮನಿಗೆ ಆಗುವುದಿಲ್ಲ. ಅಣ್ಣನಿಗೆ ತಿಳಿಯದ ಹಾಗೆ, ಮುದುಕನಿಗೆ ಕೇಳಿಸುವ ಹಾಗೆ, ಅವನ ಮಕ್ಕಳನ್ನು ಕೊಂದಿದ್ದು ಇದೇ ತೋಳು ಅಂತ ತೋಳು ತಟ್ಟಿಕೊಂಡು ಹೇಳುತ್ತಾನೆ. ಕೊನೆಗೆ ಧೃತರಾಷ್ಟ್ರ ಕಾಡಿಗೆ ಹೊರಡುತ್ತಾನೆ. ಕಥೆ ಭೀಮನನ್ನು ಕೆಟ್ಟವನು ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ.

ಅಪ್ಪನ ಕಹಿ ಇಳಿದಿದ್ದು ದೊಡ್ಡಪ್ಪನಿಗೆ ಕಾಯಿಲೆ ಆದಾಗ. ಆಸ್ಪತ್ರೆಯಲ್ಲಿ ರಾತ್ರಿ ಉಳಿಯಲು ಜನ ಬೇಕಿತ್ತು. ಅಪ್ಪ ಹೋದರು. ಯಾರೂ ಕರೆದಿರಲಿಲ್ಲ. ಅಣ್ಣನಿಗೆ ಮುಖ ತೊಳೆಸಿ, ಹಾಸಿಗೆಯಲ್ಲಿ ಮಗ್ಗುಲು ತಿರುಗಿಸಿ, ಬಟ್ಟೆ ಬದಲಾಯಿಸಿ ಬಂದರು. "ಆವಾಗ ನೀನು ಎಲ್ಲಿದ್ದೆ" ಅನ್ನೋ ಮಾತು ಅಷ್ಟು ವರ್ಷ ಅವರನ್ನು ತಿಂದಿತ್ತು. ಅದಕ್ಕೆ ಅವರು ಕೊಟ್ಟ ಉತ್ತರ ಇದು ಅಂತ ನನಗೆ ಅನಿಸುತ್ತದೆ. ಅಪ್ಪ ಹಾಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದಾಗುವುದು ಅಂದರೆ ಒಂದೇ ಮನೆಯಲ್ಲಿ ಇರಬೇಕು ಅಂತ ಅಲ್ಲ, ಇದನ್ನೂ ಹೇಳಬೇಕು. ಬೈಬಲಿನ ಆದಿಕಾಂಡದ ಯಾಕೋಬ ಮತ್ತು ಏಸಾವನ ಕಥೆ ಗೊತ್ತಿರಬಹುದು. ತಮ್ಮ ಯಾಕೋಬ ಕಣ್ಣು ಕಾಣದ ತಂದೆಗೆ ಮೋಸ ಮಾಡಿ ಅಣ್ಣನಿಗೆ ಸಿಗಬೇಕಾದ ಆಶೀರ್ವಾದ ಪಡೆಯುತ್ತಾನೆ. ಹಾಸಿಗೆ ಹಿಡಿದ ಅಪ್ಪ, ಕದ್ದು ಪಡೆದ ಪಾಲು. ನಮ್ಮ ಮನೆಯ ಕಥೆಯೇ ಅದು. ಏಸಾವ ಕೊಲ್ಲುತ್ತೇನೆ ಅಂದಾಗ ಓಡಿಹೋಗಿ, 20 ವರ್ಷ ಸೋದರಮಾವನ ಹತ್ತಿರ ದುಡಿದು ತಿರುಗಿ ಬರುತ್ತಾನೆ. ಅಣ್ಣ 400 ಜನರನ್ನು ಕರೆದುಕೊಂಡು ಎದುರು ಬರುತ್ತಿದ್ದಾನೆ ಅಂತ ಕೇಳಿ ನಡುಗಿಹೋಗುತ್ತಾನೆ. ಇನ್ನೂರು ಮೇಕೆ, ಇನ್ನೂರು ಕುರಿ, ಒಂಟೆ, ಹಸು, ಕತ್ತೆ, ಹೀಗೆ ಕಾಣಿಕೆಯ ಹಿಂಡುಗಳನ್ನೇ ಮುಂದೆ ಕಳಿಸುತ್ತಾನೆ. ಏಳು ಸಲ ನೆಲಕ್ಕೆ ಬಗ್ಗುತ್ತಾನೆ. ಏಸಾವ ಓಡಿ ಬಂದು ಅಪ್ಪಿಕೊಂಡು ಅಳುತ್ತಾನೆ. ನನ್ನ ಹತ್ತಿರ ಬೇಕಾದಷ್ಟಿದೆ ತಮ್ಮಾ, ನಿನ್ನದು ನೀನೇ ಇಟ್ಟುಕೋ ಅನ್ನುತ್ತಾನೆ.

ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಸುತ್ತಾರೆ. ಮುಂದೆ ಓದಬೇಕು. ಬಾ, ಜೊತೆಯಲ್ಲಿ ಹೋಗೋಣ ಅಂತ ಏಸಾವ ಕರೆದಾಗ ಯಾಕೋಬ ಹೋಗುವುದಿಲ್ಲ. ಮಕ್ಕಳು ಚಿಕ್ಕವರು, ನೀನು ಮುಂದೆ ಹೋಗು ಅಂತ ಹೇಳಿ ಬೇರೆ ದಾರಿ ಹಿಡಿಯುತ್ತಾನೆ. ಇಬ್ಬರೂ ಬೇರೆ ಬೇರೆ ಕಡೆ ಬದುಕುತ್ತಾರೆ. ಆಮೇಲೆ ತಂದೆ ಇಸಾಕ ತೀರಿಕೊಂಡಾಗ ಏಸಾವ, ಯಾಕೋಬ ಇಬ್ಬರೂ ಸೇರಿ ಮಣ್ಣು ಮಾಡಿದರು ಅಂತ ಒಂದೇ ಸಾಲು ಬರುತ್ತದೆ. ಆ ಒಂದು ಸಾಲಿಗೆ ಎಷ್ಟು ಬೆಲೆ ಅಂತ ಸಾವಿನ ಮನೆಯಲ್ಲಿ ಮುಖ ನೋಡದೆ ನಿಂತ ಅಣ್ಣತಮ್ಮಂದಿರನ್ನು ಕಂಡವರಿಗೆ ಗೊತ್ತು.

ಅಜ್ಜಿ ತೀರಿಕೊಂಡಾಗ ನಮಗೆಲ್ಲ ಒಂದು ಭಯ ಇತ್ತು. ಅಮ್ಮನ ಮುಖ ನೋಡಿಕೊಂಡು ಒಂದಾಗಿದ್ದರು, ಇನ್ನು ಏನಾಗುತ್ತದೋ ಅಂತ. ಆದಿಕಾಂಡದಲ್ಲೇ ಬರುವ ಯಾಕೋಬನ ಮಗ ಯೋಸೇಫನ ಅಣ್ಣಂದಿರಿಗೂ ಇದೇ ಭಯ ಇತ್ತು. ತಮ್ಮನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದ್ದರು. ಅವನು ಕ್ಷಮಿಸಿ, ಕರೆದು, ವರ್ಷಗಟ್ಟಲೆ ಸಾಕಿದ ಮೇಲೂ, ಅಪ್ಪ ತೀರಿಕೊಂಡ ಕೂಡಲೆ ಈಗ ನಮ್ಮ ಮೇಲೆ ಸೇಡು ತೀರಿಸುತ್ತಾನೆ ಅಂತ ಹೆದರಿದರು. ಅದನ್ನು ಕೇಳಿ ಯೋಸೇಫ ಅಳುತ್ತಾನೆ. ನಾನೇನು ದೇವರ ಸ್ಥಾನದಲ್ಲಿ ಇದ್ದೇನೆಯೇ, ಹೆದರಬೇಡಿ ಅನ್ನುತ್ತಾನೆ. ಕ್ಷಮೆ ಸಿಕ್ಕಿದೆ ಅಂತ ನಂಬುವುದೂ ಕಷ್ಟವೇ. ದೊಡ್ಡಪ್ಪನಿಗೂ ತುಂಬಾ ದಿನ ಆ ಅನುಮಾನ ಇತ್ತು. ಅಪ್ಪ ಒಂದು ವಾರ ಫೋನ್ ಮಾಡದಿದ್ದರೆ ನನಗೆ ಫೋನ್ ಮಾಡಿ "ನಿಮ್ಮಪ್ಪನಿಗೆ ಏನಾದ್ರೂ ಬೇಜಾರಾಗಿದ್ಯಾ?" ಅಂತ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ನೇರವಾಗಿ ಅಪ್ಪನಿಗೇ ಫೋನ್ ಮಾಡಿ ಬೈಯುತ್ತಾರೆ.

ಒಬ್ಬನ ವಿಷಯ ಮಾತ್ರ ಬಾಕಿ ಇದೆ. ದೊಡ್ಡಪ್ಪನ ಮಗ ನಮ್ಮ ಅಪ್ಪನ ಜೊತೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ತಾತ ತೀರಿಕೊಂಡ ದಿನ, ಎಲ್ಲರೆದುರು, ತನ್ನ ಅಪ್ಪನಿಗೆ ಆದ ಅವಮಾನವನ್ನು ಅವನು ಹುಡುಗನಾಗಿ ಕಣ್ಣಾರೆ ನೋಡಿದ್ದ. ಅಪ್ಪ ಅವನ ಹತ್ತಿರ ಹೋಗಿ ಆ ಮಾತಿಗೆ ಕ್ಷಮೆ ಕೇಳಿದ್ದಾರೆ. "ಆಯ್ತು ಚಿಕ್ಕಪ್ಪ" ಅಂದ, ಅಷ್ಟೆ. ನನ್ನ ಜೊತೆ ಚೆನ್ನಾಗಿದ್ದಾನೆ, ನನ್ನ ಮಗನನ್ನು ಎತ್ತಿಕೊಂಡು ಆಡಿಸುತ್ತಾನೆ. ಬಂಧುಗಳು ಅವನಿಗೆ ಬುದ್ಧಿ ಹೇಳಲು ಹೊರಟರೆ ಅಪ್ಪನೇ ಬೇಡ ಅನ್ನುತ್ತಾರೆ. "ನನಗೆ ಎಷ್ಟು ಹೊತ್ತು ಹಿಡೀತು ಅಂತ ನನಗೆ ಗೊತ್ತು. ಅವನನ್ನು ಅವಸರ ಮಾಡಬೇಡಿ" ಅಂತ.